ನಮ್ಮ ಮಳೆಗೆ ಯಾವ ಜೋಳ ಅಂತ ನಮ್ಮ ಹೊಲದಲ್ಲೇ ಬೆಳೆದು ನೋಡಿ ಹೇಳಿ

ಕೊಡಗು ಜಿಲ್ಲೆಯ ಕೃಷಿ ಇಲಾಖೆಯ ಅಧಿಕಾರಿಗಳಿಗೆ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳಿಗೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಮುಸುಕಿನ ಜೋಳದ ತಳಿಗಳ ಮೇಲೆ ಕೆಲಸ ಮಾಡುವ ಎಲ್ಲರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಹೆಬ್ಬಾಲೆ, ಶಿರಂಗಾಲ, ತೊರೆನೂರು, ಕೂಡಿಗೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆ ಮುಸುಕಿನ ಜೋಳ ಬೆಳೆಯುವ ನಮಗೆ ಒಂದು ಕೆಲಸ ಆಗಬೇಕು. ಪೇಟೆಯಲ್ಲಿ ಸಿಗುವ ಹೈಬ್ರಿಡ್‌ಗಳನ್ನೂ ವಿಶ್ವವಿದ್ಯಾಲಯದ ತಳಿಗಳನ್ನೂ ನಮ್ಮ ಹೊಲದಲ್ಲಿ, ನಮ್ಮ ಮಳೆಯಲ್ಲಿ, ಪಕ್ಕಪಕ್ಕದ ಸಾಲಿನಲ್ಲಿ ಬೆಳೆದು ತೋರಿಸಿ. ಯಾವ ತಳಿ ಹೇಗೆ ಬಂತು ಅನ್ನೋದನ್ನು ಬಿತ್ತನೆಗೆ ಮೊದಲೇ ಕನ್ನಡದಲ್ಲಿ ಬರೆದು ಕೊಡಿ. ಈ ಪತ್ರದಲ್ಲಿ ನಾನು ಕೇಳುವುದು ಇದನ್ನೇ. ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಕೊಡಗು ಅಂದರೆ ಹೊರಗಿನವರಿಗೆ ಕಾಫಿ, ಕರಿಮೆಣಸು, ಏಲಕ್ಕಿ, ಕಿತ್ತಳೆ. ಅದು ಸರಿಯೇ. ಕಾಫಿಗೆ ಚೆಟ್ಟಳ್ಳಿಯಲ್ಲಿ ಸಂಶೋಧನಾ ಕೇಂದ್ರ ಇದೆ. ಏಲಕ್ಕಿ, ಮೆಣಸಿಗೆ ಅಪ್ಪಂಗಳದಲ್ಲಿ ಇದೆ. ಆ ಬೆಳೆಗಳಿಗೆ ಅದರಿಂದ ಎಷ್ಟು ಒಳ್ಳೆಯದಾಗಿದೆ ಅಂತ ತೋಟದವರಿಗೆ ಗೊತ್ತು. ಆದರೆ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಬಯಲು ಶುರುವಾಗುತ್ತದೆ ಅಲ್ವಾ, ಅಲ್ಲಿ ನಮ್ಮದು ಹೊಲದ ಬದುಕು. ಭತ್ತ, ಶುಂಠಿ, ರಾಗಿ, ಮುಸುಕಿನ ಜೋಳ (ಈ ಪತ್ರದಲ್ಲಿ ಬರೀ ಜೋಳ ಅಂದರೂ ಇದೇ). ಹಾರಂಗಿ ನಾಲೆ ನೀರು ಸಿಗುವವರಿಗೆ ಒಂದು ಲೆಕ್ಕ, ಮಳೆ ನಂಬಿದವರಿಗೆ ಇನ್ನೊಂದು ಲೆಕ್ಕ. ಜೋಳ ಹಾಕುವವರಲ್ಲಿ ಮಳೆ ನಂಬಿದವರೇ ಜಾಸ್ತಿ.

ಇಲ್ಲಿ ಒಂದು ತೊಡಕಿದೆ. ಕೃಷಿ ಹವಾಮಾನ ವಲಯದ ಪಟ್ಟಿಯಲ್ಲಿ ಕೊಡಗು ಗುಡ್ಡಗಾಡು ವಲಯಕ್ಕೆ ಸೇರಿದೆ. ಹೊಳೆ ಆಚೆಗಿನ ಪಿರಿಯಾಪಟ್ಟಣ, ಆ ಕಡೆಯ ಅರಕಲಗೂಡು ದಕ್ಷಿಣ ಅರೆಮಲೆನಾಡು ವಲಯಕ್ಕೆ ಸೇರಿವೆ. ನಮ್ಮ ಹೊಲಗಳ ಮಣ್ಣು, ಮಳೆ ನೋಡಿದರೆ ನಾವು ಮಡಿಕೇರಿಗಿಂತ ಪಿರಿಯಾಪಟ್ಟಣಕ್ಕೇ ಹತ್ತಿರ. ಹಾಗಂತ ಪೂರ್ತಿ ಅವರ ಹಾಗೂ ಅಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಅಷ್ಟರಲ್ಲೇ ಮಳೆ ಮೂರನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ಆದರೆ ಮೋಡ ಇಳಿಯಲ್ಲ. ಜುಲೈ, ಆಗಸ್ಟ್‌ನಲ್ಲಿ ದಿನಗಟ್ಟಲೆ ಬಿಸಿಲು ಕಾಣದೆ ಜಿಟಿಜಿಟಿ ಹನಿಯುತ್ತಾ ಇರುತ್ತದೆ. ಜೋಳಕ್ಕೆ ಕಷ್ಟ ಕೊಡುವುದು ಈ ಮೋಡ, ಈ ತೇವ. ಗುಡ್ಡಗಾಡಿನ ಶಿಫಾರಸು ನಮಗೆ ಹೊಂದುವುದಿಲ್ಲ. ದಾವಣಗೆರೆ, ಹಾವೇರಿಯಲ್ಲಿ ಚೆನ್ನಾಗಿ ಬಂದ ತಳಿ ಇಲ್ಲಿಯೂ ಹಾಗೇ ಬರುತ್ತದೆ ಅಂತ ಹೇಳೋಕಾಗಲ್ಲ.

ಈಗ ನಾವು ಬೀಜ ಆರಿಸುವುದು ಹೇಗೆ? ಏಪ್ರಿಲ್ ಕೊನೆಯಲ್ಲಿ ಎರಡು ಒಳ್ಳೆ ಮಳೆ ಬೀಳುತ್ತದೆ. ಉಳುಮೆ ಆಗುತ್ತದೆ. ಹದ ಹೋಗುವುದರೊಳಗೆ ಬಿತ್ತಬೇಕು. ಅಂಗಡಿಗೆ ಓಡುತ್ತೇವೆ. ಅಲ್ಲಿ ಏನು ಸ್ಟಾಕ್ ಇದೆಯೋ ಅದು. ಪೋಸ್ಟರ್‌ನಲ್ಲಿ ತುದಿವರೆಗೂ ಕಾಳು ತುಂಬಿದ ತೆನೆ ಇರುತ್ತದೆ. ಹೋದ ವರ್ಷ ಪಕ್ಕದ ಹೊಲದವರು ಹಾಕಿದ್ದು ಚೆನ್ನಾಗಿತ್ತು ಅಂತ ಅದೇ ಪ್ಯಾಕೆಟ್ ಕೇಳಿದರೆ, ಈ ವರ್ಷ ಅದು ಬಂದಿಲ್ಲ, ಇದು ಅದಕ್ಕಿಂತ ಚೆನ್ನಾಗಿದೆ ಅನ್ನುತ್ತಾರೆ. ಎಕರೆಗೆ ಆರರಿಂದ ಎಂಟು ಕಿಲೋ ಬೀಜ ಬೇಕು. ಅದರ ಮೇಲೆ ಗೊಬ್ಬರ, ಔಷಧಿ, ಆಳು. ಇಷ್ಟು ದುಡ್ಡು ಹಾಕುವ ಬೆಳೆಯ ಮೊದಲ ತೀರ್ಮಾನವೇ ಹೀಗೆ ಅವಸರದಲ್ಲಿ ಆಗಿಬಿಡುತ್ತದೆ.

ಪ್ಯಾಕೆಟ್ ಮೇಲೆ ಬರೆದಿರುವ ದಿನಗಳ ಲೆಕ್ಕವನ್ನೇ ತಗೊಳ್ಳಿ. 95 ದಿನದ ತಳಿ, 105 ದಿನದ ತಳಿ, 120 ದಿನದ ತಳಿ ಅಂತ ಇರುತ್ತದೆ. ಬೇಗ ಬರುವುದೇ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಯಾವಾಗಲೂ ಸರಿಯಲ್ಲ. ಭರಣಿ ಮಳೆಗೆ, ಅಂದರೆ ಮೇ ಮೊದಲ ವಾರ ಬಿತ್ತಿದ 95 ದಿನದ ಜೋಳ ಆಗಸ್ಟ್ ಎರಡನೇ ವಾರಕ್ಕೆ ಮಾಗುತ್ತದೆ. ಅದು ಸರಿಯಾಗಿ ಆಶ್ಲೇಷ ಮಳೆ ಹೊಡೆಯುವ ಹೊತ್ತು. 2018ರಲ್ಲಿ, 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದು ಆಗಸ್ಟ್‌ನಲ್ಲೇ. ಅಂಥ ಮಳೆಯಲ್ಲಿ ತೆನೆ ಮುರಿಯೋದು ಹೇಗೆ, ಒಣಗಿಸೋದು ಎಲ್ಲಿ? ಅದೇ ದಿನ ಬಿತ್ತಿದ 120 ದಿನದ ತಳಿ ಆದರೆ ಮಘೆ ಕಳೆದು ಹುಬ್ಬೆ ಮಳೆ ಹೊತ್ತಿಗೆ ಮಾಗುತ್ತದೆ. ಆಗ ನಡುನಡುವೆ ಬಿಸಿಲು ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಬೇಗ ಬಿತ್ತುವವರಿಗೆ ದೀರ್ಘಾವಧಿ ತಳಿ, ಜೂನ್‌ನಲ್ಲಿ ತಡವಾಗಿ ಬಿತ್ತಿ ಹಿಂದೆಯೇ ಹುರುಳಿ ಹಾಕುವವರಿಗೆ ಅಲ್ಪಾವಧಿ ತಳಿ ಅಂತ ನನ್ನ ಅಭಿಪ್ರಾಯ. ಜೊತೆಗೆ ಇನ್ನೊಂದು ವಿಷಯ. ಜೋಳ ಬೆಳೆಯುವುದು ಶಾಖದ ಲೆಕ್ಕದಲ್ಲಿ. ಬಿಸಿಲು ನಾಡಿನಲ್ಲಿ 105 ದಿನಕ್ಕೆ ಮಾಗಿದ ತಳಿ ನಮ್ಮ ಮೋಡ, ತಂಪಿನಲ್ಲಿ ಇನ್ನೂ ಒಂದಷ್ಟು ದಿನ ಎಳೆಯುತ್ತದೆ. ಹಾಗಿದ್ದರೆ ನಮ್ಮ ಹೋಬಳಿಯಲ್ಲಿ ಈ ತಳಿಗೆ ನಿಜವಾಗಿ ಎಷ್ಟು ದಿನ ಬೇಕು? ಇದನ್ನು ಇಲ್ಲೇ ಬೆಳೆದು ನೋಡಿದವರು ಮಾತ್ರ ಹೇಳಬಲ್ಲರು.

ಇನ್ನು ಮುಸುಕಿನ ವಿಷಯ. ಇದರ ಬಗ್ಗೆ ಯಾವ ಪೋಸ್ಟರೂ ಮಾತಾಡಲ್ಲ. ನಮಗೆ ಮಾತ್ರ ಇದು ಬಹಳ ಮುಖ್ಯ. ಸೆಪ್ಟೆಂಬರ್‌ನಲ್ಲಿ ಮಳೆ ನಿಂತ ಬೆಳಿಗ್ಗೆ ಹೊಲಕ್ಕೆ ಬನ್ನಿ. ಮುಸುಕು ತುದಿವರೆಗೂ ಮುಚ್ಚದ ತಳಿಯ ಒಂದು ತೆನೆ ಹಿಡಿದು ಸುಲಿದು ನೋಡಿ. ತುದಿಯ ಎರಡು ಬೆರಳಿನಷ್ಟು ಕಾಳು ಕಪ್ಪಾಗಿರುತ್ತದೆ. ಅದರ ಕೆಳಗೆ ಬಿಳಿ, ಗುಲಾಬಿ ಬೂಜು ಸಾಲಿನ ನಡುವೆ ಇಳಿದಿರುತ್ತದೆ. ಇನ್ನೂ ಕೆಳಗೆ, ದಿಂಡಿಗೆ ಅಂಟಿಕೊಂಡೇ ಮೊಳಕೆ ಒಡೆದ ಕಾಳು. ಬುಡದಲ್ಲಿ ಮುಸುಕಿನೊಳಗೆ ನಿಂತ ನೀರು ಬೆರಳಿಗೆ ತಣ್ಣಗೆ ತಾಗುತ್ತದೆ. ಪಕ್ಕದಲ್ಲೇ ಇನ್ನೊಂದು ತಳಿ ಇದ್ದರೆ ಅದನ್ನೂ ಸುಲಿಯಿರಿ. ಅದರ ಮುಸುಕು ತೆನೆಯ ತುದಿ ದಾಟಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಮಾಗಿದ ಮೇಲೆ ತೆನೆ ಕೆಳಗೆ ಬಾಗಿರುತ್ತದೆ. ಮೇಲೆ ಬಿದ್ದ ನೀರು ಒಳಗೆ ಹೋಗದೆ ಜಾರಿಹೋಗುತ್ತದೆ. ಒಳಗೆ ಕಾಳು ಚಿನ್ನದ ಬಣ್ಣ. ಮಳೆ ಒಂದೇ, ಮಣ್ಣೂ ಒಂದೇ, ಗೊಬ್ಬರವೂ ಒಂದೇ. ವ್ಯತ್ಯಾಸ ತಳಿಯದು. ಬಿಗಿ ಮುಸುಕಿನಿಂದ ಗಿಳಿ ಕಾಟವೂ ಕಡಿಮೆ, ಮನೆಗೆ ತಂದ ಮೇಲೆ ಕಾಳು ಕೊರೆಯುವ ಮೂತಿಹುಳದ ಕಾಟವೂ ಕಡಿಮೆ.

ಬೂಜು ಹಿಡಿದ ಜೋಳದ ಕಥೆ ಅಲ್ಲಿಗೇ ಮುಗಿಯಲ್ಲ. ಕೆಲವು ಬೂಜುಗಳು ಕಾಳಿನಲ್ಲಿ ವಿಷ ಬಿಡುತ್ತವೆ. ಅಫ್ಲಾಟಾಕ್ಸಿನ್ ಅಂತಾರಲ್ಲ, ಅದು ಕೋಳಿಗೂ ಹಂದಿಗೂ ಹಸುವಿಗೂ ಕೆಡುಕು. ಹಸು ತಿಂದರೆ ಹಾಲಿಗೂ ಬರುತ್ತದೆ. ಹಾಗಾಗಿ ಮುಸುಕು ಸರಿ ಇಲ್ಲದ ತಳಿಯಿಂದ ರೈತನಿಗೆ ಮಾತ್ರ ನಷ್ಟ ಅಂದುಕೊಳ್ಳಬೇಡಿ.

ರೋಗದಲ್ಲಿ ನಮ್ಮ ದೊಡ್ಡ ಶತ್ರು ಎಲೆ ಅಂಗಮಾರಿ. ತಂಪು, ತೇವ ಎರಡೂ ಸೇರಿದರೆ ಅದಕ್ಕೆ ಹಬ್ಬ. ಮೊದಲು ಕೆಳಗಿನ ಎಲೆಯಲ್ಲಿ ಬೂದಿ ಮಿಶ್ರಿತ ಕಂದು ಬಣ್ಣದ ಉದ್ದನೆ ಮಚ್ಚೆ ಬರುತ್ತದೆ. ನಡುವೆ ಅಗಲ, ಎರಡು ತುದಿ ಚೂಪು. ಒಂದಕ್ಕೊಂದು ಸೇರಿ ಎಲೆಯೇ ಸುಟ್ಟ ಹಾಗಾಗುತ್ತದೆ. ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಬರುವ ಹೊತ್ತಿಗೇ ತೆನೆಯ ಮೇಲಿನ ಎಲೆಗಳಿಗೂ ಹತ್ತಿದರೆ ಕಾಳು ಜೊಳ್ಳು. ಔಷಧಿ ಹೊಡೆಯಿರಿ ಅಂತ ಹೇಳುವುದು ಸುಲಭ. ಆಳೆತ್ತರ ದಾಟಿದ ಜೋಳದೊಳಗೆ, ದಿನಾ ಮಳೆ ಬರುವಾಗ, ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಹೋಗಿ ಹೊಡೆದದ್ದು ಎಲೆ ಮೇಲೆ ನಿಲ್ಲಬೇಕಲ್ಲ. ಆದ್ದರಿಂದ ಇಲ್ಲಿ ತಳಿಯಲ್ಲೇ ತಡೆಶಕ್ತಿ ಇರಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಿತ್ಯಶ್ರೀ, ಅಂದರೆ ಎನ್‌ಎಎಚ್ 2049, ಎಲೆ ಅಂಗಮಾರಿಯನ್ನೂ ಎಲೆ ಬಿಳಿಚಿಕೊಳ್ಳುವ ಕೇದಿಗೆ ರೋಗವನ್ನೂ ತಡೆದುಕೊಳ್ಳುವ ತಳಿ. ಅದಕ್ಕಿಂತ ಮೊದಲಿನ ಹೇಮಾ, ಎನ್‌ಎಎಚ್ 1137 ಇದೆ. ಆಮೇಲೆ ಬಂದ ಎಂಎಎಚ್ 14-5 ಇದೆ. ಇವು ಮಂಡ್ಯ–ಮೈಸೂರು ಕಡೆ ರೂಪುಗೊಂಡ ತಳಿಗಳು. ನಮಗೆ ದೂರದವೇನಲ್ಲ. ಆದರೂ ಬಿತ್ತನೆ ಹೊತ್ತಿಗೆ ಈ ಹೆಸರು ಕೇಳಿಕೊಂಡು ಹೋದ ರೈತನಿಗೆ ಬೀಜ ಕೈಗೆ ಸಿಗುವುದು ಕಷ್ಟ. ದಯವಿಟ್ಟು ಇದನ್ನು ಸರಿ ಮಾಡಿ. ಭರಣಿ ಮಳೆ ಬೀಳುವ ಮೊದಲೇ ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ ಇರಲಿ. ಮಳೆ ಬಿದ್ದು ಎರಡು ವಾರಕ್ಕೆ ಬಂದ ಬೀಜದಿಂದ ಏನು ಪ್ರಯೋಜನ?

ಖಾಸಗಿ ಕಂಪನಿಗಳ ತಳಿ ಬೇಡ ಅಂತ ನಾನು ಹೇಳುತ್ತಿಲ್ಲ. ಅವುಗಳಲ್ಲೂ ಬಹಳ ಒಳ್ಳೆಯವು ಇವೆ. ಅವನ್ನೂ ಅದೇ ತಾಕಿನಲ್ಲಿ, ಅದೇ ಅಳತೆಯಲ್ಲಿ ಬೆಳೆದು ನೋಡಿ ಅಂತಷ್ಟೇ ಕೇಳುತ್ತಿದ್ದೇನೆ.

ಹೈಬ್ರಿಡ್ ಬೀಜ ಯಾಕೆ ವರ್ಷ ವರ್ಷ ಕೊಳ್ಳಬೇಕು ಅಂತ ಹೊಸದಾಗಿ ಜೋಳ ಹಾಕುವವರು ಈಗಲೂ ಕೇಳುತ್ತಾರೆ. ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಕೂಡಿಸಿದ ಮೊದಲ ತಲೆಮಾರಿನಲ್ಲಿ ಮಾತ್ರ ಆ ಕಸುವು ಇರುತ್ತದೆ. ಆ ಬೆಳೆಯಿಂದ ತೆಗೆದ ಕಾಳನ್ನೇ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಇಳುವರಿ ಇಳಿಮುಖ. ಹಲವು ತಳಿಗಳನ್ನು ಬೆರೆಸಿ ಮಾಡಿದ ಕಾಂಪೋಸಿಟ್ ತಳಿಗಳಿಗೆ ಈ ತೊಂದರೆ ಇಲ್ಲ. ನಮ್ಮ ದೇಶದಲ್ಲಿ ಮುಸುಕಿನ ಜೋಳದ ಮೇಲೆ ಅಖಿಲ ಭಾರತ ಮಟ್ಟದ ಸಂಶೋಧನೆ 1957ರಲ್ಲಿ ಶುರುವಾಯಿತು. 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಅನ್ನುವ ಮೊದಲ ಹೈಬ್ರಿಡ್‌ಗಳು ಬಂದವು. 1967ರಲ್ಲಿ ವಿಜಯ್, ಕಿಸಾನ್, ಅಂಬರ್ ಮುಂತಾದ ಕಾಂಪೋಸಿಟ್‌ಗಳು ಬಂದವು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದೇ ಎನ್‌ಎಸಿ 6004 ಅನ್ನುವ ಕಾಂಪೋಸಿಟ್ ಇದೆ. ಇಳುವರಿ ಹೈಬ್ರಿಡ್‌ಗಿಂತ ಕಡಿಮೆ. ಆದರೆ ಹೊಲದ ನಡುವಿನ ಒಳ್ಳೆ ತೆನೆಗಳನ್ನು ಆರಿಸಿ ಎರಡು ಮೂರು ವರ್ಷ ನಮ್ಮ ಬೀಜವನ್ನೇ ಬಿತ್ತಬಹುದು. ಒಂದು ಎಕರೆ, ಎರಡು ಎಕರೆ ಇರುವವರಿಗೆ, ಸಾಲ ಮಾಡಿ ಬೀಜ ಕೊಳ್ಳುವವರಿಗೆ ಇದು ಒಂದು ದಾರಿ. ಯಾರಿಗೆ ಯಾವುದು ಲಾಭ ಅಂತ ಖರ್ಚು ಕಳೆದು ಲೆಕ್ಕ ತೋರಿಸಿದರೆ ಅವರೇ ತೀರ್ಮಾನ ಮಾಡುತ್ತಾರೆ.

ಕೊಡಗಿನಲ್ಲಿ ಹಂದಿ ಸಾಕುವವರ ಬಗ್ಗೆಯೂ ಯೋಚನೆ ಮಾಡಿ. ಮಾಮೂಲಿ ಜೋಳದ ಪ್ರೋಟೀನ್‌ನಲ್ಲಿ ಲೈಸಿನ್, ಟ್ರಿಪ್ಟೊಫಾನ್ ಅನ್ನುವ ಎರಡು ಅಂಶ ಕಡಿಮೆ. ಹಸುವಿಗೆ ಇದರಿಂದ ಅಷ್ಟು ತೊಂದರೆ ಇಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೇ ತಯಾರು ಮಾಡಿಕೊಡುತ್ತವೆ. ಹಂದಿಗೆ, ಕೋಳಿಗೆ, ಮನುಷ್ಯರಿಗೆ ಆಹಾರದಿಂದಲೇ ಬರಬೇಕು. ಅದಕ್ಕಾಗಿಯೇ ಗುಣಮಟ್ಟದ ಪ್ರೋಟೀನ್ ಜೋಳ ಅಂತ ತಳಿಗಳು ಬಂದಿವೆ. ಇವುಗಳಲ್ಲಿ ಆ ಎರಡೂ ಅಂಶ ಮಾಮೂಲಿ ಜೋಳದ ಸುಮಾರು ಎರಡರಷ್ಟು ಇರುತ್ತವೆ. ಈ ತಳಿಗಳನ್ನು ರೂಪಿಸಿದ ಸುರಿಂದರ್ ವಾಸಲ್ ಮತ್ತು ಎವಾಂಜೆಲಿನಾ ವಿಲೆಗಾಸ್ ಅವರಿಗೆ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೇ ಎಚ್‌ಕ್ಯುಪಿಎಂ 1, ವಿವೇಕ್ ಕ್ಯುಪಿಎಂ 9 ಮುಂತಾದವು ಇವೆ. ಮನೆಯ ಹಂದಿ, ಕೋಳಿಗೆ ಅಂತ ಅರ್ಧ ಎಕರೆ ಹಾಕಿಕೊಂಡರೂ ಹೊರಗಿನಿಂದ ತರುವ ಫೀಡ್‌ನ ಖರ್ಚು ಸ್ವಲ್ಪ ಇಳಿಯಬಹುದು. ಆದರೆ ಒಂದು ಎಚ್ಚರಿಕೆಯನ್ನು ರೈತರಿಗೆ ತಿಳಿಸಲೇಬೇಕು. ಜೋಳದ ಪರಾಗ ಗಾಳಿಯಲ್ಲಿ ಹೋಗುತ್ತದೆ. ಈ ಗುಣ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಬಂದರೆ ಮಾತ್ರ ಕಾಳಿನಲ್ಲಿ ಕಾಣುತ್ತದೆ. ಪಕ್ಕದ ಹೊಲದ ಮಾಮೂಲಿ ಜೋಳದ ಪರಾಗ ಬಿದ್ದರೆ ಆ ಕಾಳು ಮಾಮೂಲಿ ಕಾಳೇ. ಹಾಗಾಗಿ ದೂರ ಬಿಟ್ಟು ಹಾಕಬೇಕು, ಇಲ್ಲವೇ ಸೂಲಂಗಿ ಒಡೆಯುವ ಹೊತ್ತು ಬೇರೆ ಆಗುವ ಹಾಗೆ ಹಿಂದೆ ಮುಂದೆ ಬಿತ್ತಬೇಕು. ನಮ್ಮ ಕಡೆ ಇದು ಹೇಗೆ ಬರುತ್ತದೆ, ಮಳೆಗೆ ತಡೆಯುತ್ತದೆಯೇ ಅಂತ ನೋಡಿದ ಮೇಲೆಯೇ ಶಿಫಾರಸು ಮಾಡಿ.

ಮೇವಿನ ಮಾತೂ ಇದೆ. ನಮ್ಮಲ್ಲಿ ಡೇರಿಗೆ ಹಾಲು ಹಾಕದ ಮನೆ ಕಡಿಮೆ. ತೆನೆ ಮಾಗಿದ ಮೇಲೂ ಎಲೆ ಹಸಿರಾಗಿ ಉಳಿಯುವ ತಳಿ ಆದರೆ ಸಪ್ಪೆ, ಅಂದರೆ ತೆನೆ ಮುರಿದ ಮೇಲೆ ಉಳಿಯುವ ದಂಟು, ದನಕ್ಕೆ ಆಗುತ್ತದೆ. ಪೂರ್ತಿ ಮೇವಿಗೇ ಅಂದರೆ ಆಫ್ರಿಕನ್ ಟಾಲ್ ತಳಿ ಇದ್ದೇ ಇದೆ. ಫಲಿತಾಂಶ ಬರೆಯುವಾಗ ಕಾಳಿನ ತೂಕದ ಪಕ್ಕದಲ್ಲಿ ಸಪ್ಪೆಯ ಗುಣವನ್ನೂ ಒಂದು ಸಾಲು ಬರೆಯಿರಿ.

ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳುವಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗಲ್ಲ. 2018ರಲ್ಲಿ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಕರ್ನಾಟಕದಲ್ಲೇ. ತಲೆ ಮೇಲೆ ತಲೆಕೆಳಗಾದ ವೈ ಅಕ್ಷರದ ಗುರುತು, ಹಿಂಭಾಗದಲ್ಲಿ ಚೌಕದ ಹಾಗೆ ನಾಲ್ಕು ಚುಕ್ಕೆ. ಸುಳಿಯೊಳಗೆ ಕೂತು ತಿನ್ನುತ್ತದೆ, ಮರದ ಹೊಟ್ಟಿನಂಥ ಹಿಕ್ಕೆ ಹಾಕುತ್ತದೆ. ಈ ಬೀಜಕ್ಕೆ ಹುಳ ಬರಲ್ಲ ಅಂತ ಹೇಳಿ ಮಾರುವವರು ಇದ್ದಾರೆ. ಹುಳಕ್ಕೆ ತಡೆ ಇರುವ ಕುಲಾಂತರಿ ಜೋಳಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಕೆಲವು ಬೀಜಗಳಿಗೆ ಕೀಟನಾಶಕದ ಬೀಜೋಪಚಾರ ಮಾಡಿರುತ್ತಾರೆ. ಅದು ಮೊದಲ ಎರಡು ಮೂರು ವಾರ ಕಾಯುತ್ತದೆ, ಅಷ್ಟೇ. ಆಮೇಲೆ ರೈತನೇ ಸುಳಿ ಬಿಡಿಸಿ ನೋಡುತ್ತಾ ಇರಬೇಕು. ಇದನ್ನು ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಸುಳ್ಳು ಭರವಸೆ ನಂಬಿ ಮೂರನೇ ವಾರ ಹೊಲ ನೋಡದೆ ಬಿಟ್ಟವರು ಬೆಳೆ ಕಳೆದುಕೊಂಡಿದ್ದಾರೆ.

ಆನೆ, ಕಾಡುಹಂದಿ ತಿನ್ನದ ತಳಿ ಇದೆಯಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಹಾಲುಗಾಳಿನ ಹೊತ್ತಿಗೆ ಆನೆ ಬರುವುದು ಬಂದೇ ಬರುತ್ತದೆ. ಕಾಡಂಚಿನ ಒಂದು ಬಯಲಿನವರೆಲ್ಲ ಒಂದೇ ಅವಧಿಯ ತಳಿಯನ್ನು ಒಂದೇ ವಾರ ಬಿತ್ತಿದರೆ ಕಾವಲು ಕಾಯುವ ರಾತ್ರಿಗಳು ಕಡಿಮೆಯಾಗುತ್ತವೆ. ಒಬ್ಬೊಬ್ಬರದು ಒಂದೊಂದು ಅವಧಿ ಆದರೆ ಎರಡು ತಿಂಗಳು ನಿದ್ದೆ ಇರಲ್ಲ. ತಳಿ ಪಟ್ಟಿ ಮಾಡುವಾಗ ಈ ಊರುಗಳಿಗೆ ಬೇರೆ ಸಲಹೆ ಕೊಡಿ.

ಈಗ ತಾಕು ಹೇಗಿರಬೇಕು ಅಂತ. ಶನಿವಾರಸಂತೆ ಅಥವಾ ಕೊಡ್ಲಿಪೇಟೆ ಕಡೆ ಒಂದು, ಹೆಬ್ಬಾಲೆ–ಶಿರಂಗಾಲ ಕಡೆ ಒಂದು, ಕೂಡಿಗೆ ಕಡೆ ನಾಲೆ ನೀರಿನ ಕೆಳಗೆ ಒಂದು. ಎರಡು ಹೊತ್ತಿನ ಬಿತ್ತನೆ: ಭರಣಿ ಮಳೆಗೆ ಒಂದು, ಜೂನ್‌ಗೆ ಒಂದು. ಸರ್ಕಾರಿ ಫಾರಂನ ಸಮತಟ್ಟಾದ, ನೀರು ನಿಲ್ಲದ ಜಾಗ ಮಾತ್ರ ಬೇಡ. ರೈತರ ಹೊಲದಲ್ಲಿ ಮಾಡಿ. ನಮ್ಮ ಮಣ್ಣು ಕೆಲವು ಕಡೆ ಹುಳಿ, ಸುಣ್ಣ ಕೇಳುತ್ತದೆ. ಕೆಲವು ಕಡೆ ಮೊಣಕಾಲುದ್ದದ ಪೈರಿನ ಬುಡದಲ್ಲಿ ನೀರು ನಿಂತು ಹಳದಿಯಾಗುತ್ತದೆ. ಅಂಥ ಕಡೆ ತಡೆಯುವ ತಳಿಯೇ ನಮಗೆ ಬೇಕಾದದ್ದು. ಸೂಲಂಗಿ ಬಂದ ದಿನ, ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಂಡ (ಅಂದರೆ ಕಾಳು ಮಾಗಿದ) ದಿನ, ಅಂಗಮಾರಿ ಎಷ್ಟು, ಗಾಳಿಗೆ ಎಷ್ಟು ಗಿಡ ಮಲಗಿತು, ಮುಸುಕು ತುದಿ ಮುಚ್ಚಿದೆಯೇ, ಎಷ್ಟು ತೆನೆಗೆ ಬೂಜು, ಇವನ್ನೆಲ್ಲ ಬರೆದಿಡಿ. ತೂಕವನ್ನು ಶೇಕಡ 14ರ ತೇವಾಂಶಕ್ಕೆ ಇಳಿಸಿ ಹೇಳಿ. ಬೆಂಬಲ ಬೆಲೆಗೆ ಕೊಳ್ಳುವಾಗ ಕೇಳುವುದೂ ಅದನ್ನೇ. 2025-26ಕ್ಕೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಹಸಿ ಜೋಳ ಹಿಡಿದುಕೊಂಡು ಹೋದವನಿಗೆ ಆ ಬೆಲೆ ಕನಸೇ. ಮೊಬೈಲ್ ಡ್ರೈಯರ್ ಒಂದನ್ನು ಹೋಬಳಿಗೆ ಕೊಡಿ ಅಂತ ಬೇರೆ ಪತ್ರದಲ್ಲಿ ಕೇಳುತ್ತೇನೆ, ಇಲ್ಲಿ ಬೆರೆಸಲ್ಲ.

ಕ್ಷೇತ್ರೋತ್ಸವವನ್ನು ಎರಡು ಸಲ ಮಾಡಿ. ಕೊಯ್ಲಿನ ಹೊತ್ತಿಗೆ ಎಲ್ಲರೂ ಮಾಡುತ್ತಾರೆ. ಆಗಸ್ಟ್‌ನಲ್ಲಿ, ಮಳೆಯಲ್ಲೇ, ಕೊಡೆ ಹಿಡಿದುಕೊಂಡು ನಮ್ಮನ್ನು ಕರೆಯಿರಿ. ಯಾವ ತಳಿಯ ಎಲೆ ಇನ್ನೂ ಹಸಿರಾಗಿದೆ ಅಂತ ಆಗ ಕಣ್ಣಾರೆ ಕಾಣುತ್ತದೆ. ಹೆಣ್ಣುಮಕ್ಕಳನ್ನು ತಪ್ಪದೆ ಕರೆಯಿರಿ. ತೆನೆ ಸುಲಿಯುವವರು, ಒಣಗಿಸುವವರು, ಬೂಜು ಕಾಳು ಆರಿಸುವವರು ಹೆಚ್ಚಾಗಿ ಅವರೇ. ಯಾವ ತಳಿಯ ಮುಸುಕು ಹೇಗೆ ಅಂತ ಅವರ ಕೈಗೆ ಗೊತ್ತು.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ಜಾಗ ನಾವು ಕೊಡುತ್ತೇವೆ. ಉಳುಮೆ, ಕಳೆ, ಕಾವಲು ನಮ್ಮದು. ಚೆನ್ನಾಗಿ ಬಾರದ ತಳಿಯ ಸಾಲಿಗೆ ಪರಿಹಾರವನ್ನೂ ಕೇಳಲ್ಲ, ಅದೂ ನಮಗೆ ಬೇಕಾದ ಮಾಹಿತಿಯೇ. ನಮಗೆ ಬೇಕಾಗಿರುವುದು ತಳಿಗಳ ಬೀಜ, ಅಳೆದು ಬರೆಯಬಲ್ಲ ಒಬ್ಬರು, ಮತ್ತು ಫಲಿತಾಂಶ ಚೆನ್ನಾಗಿದ್ದರೂ ಕೆಟ್ಟದ್ದಾದರೂ ಹೆಸರು ಸಮೇತ ಪ್ರಕಟಿಸುವ ಮನಸ್ಸು. ಒಂದು ವರ್ಷದ ಮಳೆ ನೋಡಿ ತೀರ್ಪು ಕೊಡಬೇಡಿ, ಮೂರು ವರ್ಷ ಮಾಡಿ. ಮೊದಲ ವರ್ಷದ್ದನ್ನೂ ಮುಚ್ಚಿಡದೆ ಹೇಳಿ.

ಮುಂದಿನ ಏಪ್ರಿಲ್‌ಗೆ ಬೀಜ ಬರಬೇಕಾದರೆ ಜನವರಿಯೊಳಗೆ ತಳಿಗಳ ಪಟ್ಟಿ ಆಗಬೇಕು, ಫೆಬ್ರವರಿಯೊಳಗೆ ಹೊಲ ಗುರುತಾಗಬೇಕು. ಯಾವ ದಿನ ಬರುತ್ತೀರಿ ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಜೋಳ ಬೆಳೆಯುವವರನ್ನು ಸೇರಿಸುವ ಕೆಲಸ ನನ್ನದು.

ಇಂತಿ,
ಹೆಬ್ಬಾಲೆ ಕಡೆಯ ಒಬ್ಬ ಜೋಳದ ಬೆಳೆಗಾರ